ಹನ್ನೆರಡು ತಿಂಗಳೂ ಸ್ಕೀ: ಪರೀಕ್ಷೆ ಸೆಪ್ಟೆಂಬರಿನಲ್ಲಿ

ಜನವರಿಯಲ್ಲಿ ಸ್ಕೀ ಮಾಡಲು ಹಣ, ಬಿಡುವು ಇದ್ದರೆ ಸಾಕು. ಸೆಪ್ಟೆಂಬರಿನಲ್ಲಿ ಮಾಡಬೇಕೆಂದರೆ ಬೆಟ್ಟವನ್ನು ಓದಲು ಬರಬೇಕು. ಅಮೆರಿಕದ ವಾಷಿಂಗ್ಟನ್, ಆರೆಗನ್ ರಾಜ್ಯಗಳಲ್ಲಿ ಒಂದು ತಿಂಗಳೂ ತಪ್ಪದೆ ಸ್ಕೀ ಮಾಡುವ ಹವ್ಯಾಸಿಗಳಿದ್ದಾರೆ. ಸಿಯಾಟಲ್ ಸುತ್ತ ನೆಲೆಸಿದ ಕನ್ನಡಿಗರಿಗೂ ಆ ಹಿಮ ಕೆಲವೇ ಗಂಟೆಗಳ ದಾರಿ. ಇಳಿಜಾರಿನಲ್ಲಿ ಈಗಾಗಲೇ ಕಾಲು ಪಳಗಿದವರಿಗೆ ಈ ಸೂತ್ರಗಳು.

1. ಜ್ವಾಲಾಮುಖಿ ಶಿಖರಗಳನ್ನು ನಂಬಿ. ಪೆಸಿಫಿಕ್ ಸಾಗರದ ತೇವ ಕ್ಯಾಸ್ಕೇಡ್ ಪರ್ವತಸಾಲಿಗೆ ಬಡಿದು ಹಿಮವಾಗಿ ಸುರಿಯುತ್ತದೆ. ಮೌಂಟ್ ಬೇಕರ್ ಸ್ಕೀ ತಾಣದಲ್ಲಿ 1998-99ರ ಒಂದೇ ಋತುವಿನಲ್ಲಿ 1,140 ಇಂಚು, ಅಂದರೆ ಸುಮಾರು 29 ಮೀಟರ್ ಬಿದ್ದು ವಿಶ್ವದಾಖಲೆಯಾಯಿತು. ಬೇಸಿಗೆ ಮುಗಿದರೂ ಹಿಮ ಉಳಿಯುವುದು ರೇನಿಯರ್, ಹುಡ್, ಆಡಮ್ಸ್, ಬೇಕರ್ ಶಿಖರಗಳ ಮೇಲ್ಭಾಗದಲ್ಲಿ.

2. ಚಳಿಗಾಲದಲ್ಲಿ ಹಿಮಕುಸಿತದ ಮುನ್ಸೂಚನೆ ಓದದೆ ಮನೆ ಬಿಡಬೇಡಿ. ಹೂತವರನ್ನು ಪತ್ತೆಹಚ್ಚುವ ಬೀಕನ್, ಹಿಮ ಚುಚ್ಚಿ ನೋಡುವ ಪ್ರೋಬ್, ಸಲಿಕೆ ಜೊತೆಗಿರಲಿ. ಬಳಸಲು ಕೈಗೂ ಅಭ್ಯಾಸವಿರಲಿ.

3. ಮೇ, ಜೂನ್‌ನಲ್ಲಿ ಗಡಿಯಾರವೇ ಗುರು. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಬಿಸಿಲೇರಿದಂತೆ ಮೇಲಿನ ಒಂದೆರಡು ಅಂಗುಲ ಮಾತ್ರ ಸಡಿಲವಾಗಿ, ಜೋಳದ ಕಾಳಿನಂತೆ ಉದುರುದುರಾಗುತ್ತದೆ. ಇಳಿಯುವ ಹೊತ್ತು ಅದೇ. ಕಾಲು ಗೆಣ್ಣಿನವರೆಗೆ ಹೂತರೆ ತಡವಾಯಿತು, ಒದ್ದೆ ಹಿಮ ಜಾರುವ ಭಯ. ಕತ್ತಲಿರುವಾಗಲೇ ಹತ್ತಲು ಶುರು ಮಾಡಿ.

4. ಜುಲೈಗೆ ಮೌಂಟ್ ಹುಡ್. ಅಲ್ಲಿನ ಟಿಂಬರ್‌ಲೈನ್ ತಾಣದಲ್ಲಿ ಪಾಮರ್ ಹಿಮಬಯಲಿಗೆ ನಡುಬೇಸಿಗೆಯಲ್ಲೂ ಚೇರ್‌ಲಿಫ್ಟ್ ಓಡುತ್ತದೆ. ಮೆತ್ತಗಾದ ಹಿಮಕ್ಕೆ ಉಪ್ಪು ಎರಚುತ್ತಾರೆ: ಉಪ್ಪು ಸ್ವಲ್ಪ ಹಿಮ ಕರಗಿಸುವಾಗ ಸುತ್ತಲಿನ ಶಾಖ ಹೀರಿಕೊಳ್ಳುತ್ತದೆ, ಉಳಿದದ್ದು ಬಿಗಿಯುತ್ತದೆ. ಬೆಳಗ್ಗೆ ಬೇಗ ಹೋಗಿ.

5. ಸೆಪ್ಟೆಂಬರಿನಲ್ಲಿ ಮೊದಲ ವಾರ, ಅಕ್ಟೋಬರಿನಲ್ಲಿ ಕೊನೆಯ ವಾರ. ವರ್ಷದ ಸರಪಳಿ ಕಳಚುವುದು ಇಲ್ಲೇ. ಸೆಪ್ಟೆಂಬರಿನಲ್ಲಿರುವುದು ಹಳೆಯ ಹಿಮ; ದಿನ ಕಳೆದಷ್ಟೂ ಕುಗ್ಗುತ್ತದೆ, ಗುಂಡಿ ಬೀಳುತ್ತದೆ, ಅಡಿಯ ಮಂಜುಗಡ್ಡೆ ಮೇಲೇಳುತ್ತದೆ. ಅಕ್ಟೋಬರಿನಲ್ಲಿ ಕಾಯುವುದು ಹೊಸ ಹಿಮಕ್ಕೆ. ತಡವಾದಷ್ಟೂ ಅವಕಾಶ ಹೆಚ್ಚು. ಆದರೆ ಮೊದಲ ಹಿಮದ ಬಿಳುಪಿಗೆ ಮರುಳಾಗಬೇಡಿ. ಗೇಣುದ್ದದ ಆ ಹೊದಿಕೆ ಕಲ್ಲನ್ನೂ ಹಿಮನದಿಯ ಬಿರುಕನ್ನೂ ಮುಚ್ಚಿಡುತ್ತದೆ, ನಿಮ್ಮ ಭಾರ ಹೊರುವುದಿಲ್ಲ. ನನ್ನ ಆಯ್ಕೆ ರೇನಿಯರ್‌ನ ಮ್ಯೂರ್ ಹಿಮಬಯಲು. 1,646 ಮೀಟರ್ ಎತ್ತರದ ಪ್ಯಾರಡೈಸ್‌ನಿಂದ 3,105 ಮೀಟರ್‌ನ ಕ್ಯಾಂಪ್ ಮ್ಯೂರ್ ಕಡೆಗೆ, ಅರ್ಧ ದಾರಿ ಸ್ಕೀಯನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯಬೇಕು. ಅಷ್ಟು ಬೆವರಿಳಿಸಿ ಹತ್ತಾರು ತಿರುವು ಸಿಕ್ಕರೂ ಆ ಸಂತೋಷ ಜನವರಿಯ ಇಡೀ ದಿನಕ್ಕಿಂತ ದೊಡ್ಡದು. ಬೂಟಿಗೆ ಕಟ್ಟುವ ಮುಳ್ಳುಪಟ್ಟಿ (ಕ್ರ್ಯಾಂಪಾನ್), ಐಸ್ ಆಕ್ಸ್ ಬಿಟ್ಟು ಹೋಗಬೇಡಿ.

6. ಮಂಜು ಮುಸುಕುವ ಮೊದಲೇ ದಾರಿ ಗುರುತಿಟ್ಟುಕೊಳ್ಳಿ. ಮ್ಯೂರ್ ಬಯಲಿನ ಒಂದು ಬದಿಗೆ ನಿಸ್ಕ್ವಾಲಿ ಹಿಮನದಿ, ಇನ್ನೊಂದು ಬದಿಗೆ ಪ್ಯಾರಡೈಸ್ ಹಿಮನದಿ. ಮೋಡ ಕವಿದರೆ ನೆಲವೂ ಆಕಾಶವೂ ಒಂದೇ ಬಿಳುಪು. ದಿಕ್ಕು ತಪ್ಪಿ ಪ್ರಾಣ ಕಳೆದುಕೊಂಡವರಿದ್ದಾರೆ. ಹತ್ತುವಾಗಲೇ ಜಿಪಿಎಸ್‌ನಲ್ಲಿ ಜಾಡು ದಾಖಲಿಸಿ, ದಿಕ್ಸೂಚಿ ಕೈಗೆಟುಕುವಂತಿರಲಿ.

7. ಬೇಸಿಗೆಗೆ ಹಳೆಯ ಸ್ಕೀ. ಧೂಳು, ಪರಾಗ, ಪುಡಿಗಲ್ಲು ತಳವನ್ನು ಕೆರೆಯುತ್ತವೆ. ಸನ್‌ಸ್ಕ್ರೀನನ್ನು ಗಲ್ಲದ ಅಡಿಗೂ ಮೂಗಿನ ಕೆಳಗೂ ಹಚ್ಚಿ, ಬಿಸಿಲು ಕೆಳಗಿನಿಂದಲೂ ಬರುತ್ತದೆ.

8. ಲೆಕ್ಕಕ್ಕೆ ದಾಸರಾಗಬೇಡಿ. ರೈನರ್ ಹರ್ಟ್ರಿಕ್ ಎಂಬ ಸ್ಕೀಗಾರ 2003ರ ನವೆಂಬರ್ 1ರಿಂದ ಸತತ 2,993 ದಿನ ಸ್ಕೀ ಮಾಡಿದರು. ಉತ್ತರದಲ್ಲಿ ಹಿಮ ಸೊರಗಿದಾಗ ದಕ್ಷಿಣ ಅಮೆರಿಕಕ್ಕೆ ಹಾರಿದರು. 2012ರ ಜನವರಿಯಲ್ಲಿ ಹೃದಯ ಬಡಿತದ ಏರುಪೇರು ಕಂಡಾಗ ನಿಲ್ಲಿಸಿದರು. ಅವರ ಹಟದಷ್ಟೇ ಆ ನಿಲುಗಡೆಯನ್ನೂ ನಾನು ಗೌರವಿಸುತ್ತೇನೆ. ನಿಮಗೆ ತಿಂಗಳಿಗೆ ಒಂದು ದಿನ ಸಾಕು. ಸೆಪ್ಟೆಂಬರ್, ಅಕ್ಟೋಬರಿಗೆ ಮಾತ್ರ ಎರಡೆರಡು ವಾರಾಂತ್ಯ ಖಾಲಿ ಇಡಿ. ಒಂದು ಮಳೆಗೆ ಹೋದರೂ ಇನ್ನೊಂದು ಉಳಿಯುತ್ತದೆ.