ಉಣ್ಣಿಗೆ ಸೀಮೆಎಣ್ಣೆ ಬೇಡ, ಚಿಮಟ ಸಾಕು

ಆಲೂರಿನ ತೋಟದಿಂದ ಬರೆದಿದ್ದೀರಿ. ನಾಯಿಯ ಕಿವಿಗೆ ಕಚ್ಚಿಕೊಂಡ ಉಣ್ಣಿಗೆ ಸೀಮೆಎಣ್ಣೆ ಹಚ್ಚಬಹುದೇ ಎಂಬುದು ನಿಮ್ಮ ಪ್ರಶ್ನೆ. ಖಂಡಿತ ಬೇಡ. ಎಣ್ಣೆ ಹಚ್ಚಿದರೆ ಉಣ್ಣಿ ತಾನಾಗಿ ಬಿಡುತ್ತದೆಂದು ಹಲವರು ನಂಬಿದ್ದಾರೆ, ಆದರೆ ಅದರ ಬಾಯಿ ಮುಳ್ಳುಮುಳ್ಳಾಗಿ ಚರ್ಮದೊಳಗೆ ನೆಟ್ಟಿರುತ್ತದೆ. ಕೆಣಕಿದರೆ ಜೊಲ್ಲು ಗಾಯಕ್ಕೆ ಇನ್ನಷ್ಟು ಇಳಿಯಬಹುದು. ಎರ್ಲಿಕಿಯಾ, ಬೆಬೀಸಿಯಾದಂಥ ರೋಗಾಣುಗಳು ನಾಯಿಗೆ ದಾಟುವುದು ಆ ಜೊಲ್ಲಿನಿಂದಲೇ. ಸೀಮೆಎಣ್ಣೆ ಚರ್ಮವನ್ನೂ ಸುಡುತ್ತದೆ, ನೆಕ್ಕಿದರೆ ವಿಷ. ಕೈಗವಸು ತೊಟ್ಟು, ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರವಾಗಿ, ನಿಧಾನವಾಗಿ ಎಳೆಯಿರಿ. ಬಾಯಿಯ ತುಣುಕು ಒಳಗುಳಿದೀತೆಂಬ ಹೆದರಿಕೆ ಸಹಜ. ಅಗೆಯಲು ಹೋಗಬೇಡಿ, ಸಾಮಾನ್ಯವಾಗಿ ಚರ್ಮವೇ ಅದನ್ನು ಹೊರಹಾಕುತ್ತದೆ. ಬರಿಗೈಯಲ್ಲಿ ಹಿಸುಕುವುದಂತೂ ಕೂಡದು: 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯೂ ಕಾಡಿನ ಉಣ್ಣಿಯಿಂದಲೇ ಹರಡುವಂಥದ್ದು. ನಾಯಿಗೆ ಜ್ವರ, ಮಂಕು, ಬಿಳಿಚಿದ ವಸಡು ಕಂಡರೆ ಅಂದೇ ಆಲೂರಿನ ಅಥವಾ ಸಕಲೇಶಪುರದ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.