ಹಲವು ಗಣಕಗಳು, ಒಂದೇ ಅನುಮತಿ

ದೊಡ್ಡ ವ್ಯಾಪಾರ ಸಂಸ್ಥೆಗಳಲ್ಲಿ ಖರೀದಿ, ದಾಸ್ತಾನು, ಲೆಕ್ಕಪತ್ರ, ಸಂಬಳ ಇವೊಂದೊಂದಕ್ಕೂ ಪ್ರತ್ಯೇಕವಾದ ತಂತ್ರಾಂಶವಿರುವುದು ವಾಡಿಕೆ. ಒಂದರಲ್ಲಿ ಬರೆದುದು ಉಳಿದವುಗಳಿಗೆ ತಾನಾಗಿಯೇ ತಲುಪುವಂತೆ ಇವುಗಳನ್ನು ಪರಸ್ಪರ ಜೋಡಿಸಿರುತ್ತಾರೆ. ಆದರೆ ಮಾಹಿತಿ ಹರಿದಲ್ಲಿಗೆಲ್ಲ, ಅದನ್ನು ಯಾರು ನೋಡಬಹುದು, ಯಾರು ತಿದ್ದಬಹುದು ಎಂಬ ಕಟ್ಟಳೆಯೂ ಹಿಂಬಾಲಿಸುವುದೆಂದು ನಂಬುವಂತಿಲ್ಲ. ಇದರ ಕಾರಣವನ್ನು ನಾವೀಗ ವಿಚಾರಿಸೋಣ.

ಅನುಮತಿಯೆಂಬುದು ಗಣಕದ ಪಾಲಿಗೆ ಒಂದು ಕೋಷ್ಟಕ. 1971ರಲ್ಲಿ ಅಮೆರಿಕದ ಬಟ್ಲರ್ ಲ್ಯಾಂಪ್‌ಸನ್ ಅವರು ಇದನ್ನು ಸ್ಪಷ್ಟವಾಗಿ ನಿರೂಪಿಸಿದರು: ಅಡ್ಡಸಾಲಿಗೊಬ್ಬ ಬಳಕೆದಾರ, ಕಂಬಸಾಲಿಗೊಂದು ಕಡತ, ಇವೆರಡೂ ಕೂಡುವ ಮನೆಯಲ್ಲಿ ‘ಓದಬಹುದು’, ‘ಬರೆಯಬಹುದು’ ಎಂಬ ಗುರುತು. ತಂತ್ರಾಂಶ ಒಂದೇ ಆಗಿದ್ದರೆ ಕೋಷ್ಟಕವೂ ಒಂದೇ, ತೊಡಕಿಲ್ಲ. ತಂತ್ರಾಂಶಗಳು ನಾಲ್ಕಾದರೆ ಕೋಷ್ಟಕಗಳೂ ನಾಲ್ಕಾಗುತ್ತವೆ. ಖರೀದಿಯ ಕೋಷ್ಟಕದಲ್ಲಿ ‘ಮೇಲ್ವಿಚಾರಕ’ನೆನಿಸಿದವನು ಆದೇಶಕ್ಕೆ ಒಪ್ಪಿಗೆ ಕೊಡಬಲ್ಲನು, ಲೆಕ್ಕಪತ್ರದಲ್ಲಿ ಅದೇ ಹೆಸರು ಹೊತ್ತವನು ಬರಿದೆ ನೋಡಬಲ್ಲನು. ಹೆಸರು ಹೊಂದಿದ ಮಾತ್ರಕ್ಕೆ ಅಧಿಕಾರ ಹೊಂದಿತೆನ್ನಲಾಗದು.

ಖರೀದಿ ವಿಭಾಗದ ಗುಮಾಸ್ತನೊಬ್ಬನು ಲೆಕ್ಕದ ವಿಭಾಗಕ್ಕೆ ವರ್ಗವಾದನೆಂದು ಭಾವಿಸೋಣ. ಹೊಸ ಅನುಮತಿ ಬೇಗನೆ ದೊರೆಯುತ್ತದೆ. ಅದಿಲ್ಲದೆ ಕೆಲಸ ಸಾಗದಾದ್ದರಿಂದ ಅವನೇ ಕೇಳಿ ಪಡೆಯುತ್ತಾನೆ. ಹಳೆಯದನ್ನು ತೆಗೆಯಿರೆಂದು ಕೇಳುವವರಾರು? ಅದು ಹಾಗೆಯೇ ಉಳಿದರೆ, ಸರಕಿಗೆ ಆದೇಶ ಕೊಡುವವನೂ ಹಣ ಪಾವತಿ ಮಾಡುವವನೂ ಒಬ್ಬನೇ ಆಗುತ್ತಾನೆ. ಇಲ್ಲದ ಮಾರಾಟಗಾರನ ಹೆಸರಿನಲ್ಲಿ ಬಿಲ್ಲು ಹುಟ್ಟಿಸಿ ಹಣ ಎತ್ತಲು ಇಷ್ಟು ಸಾಕು. ಈ ಎರಡು ಕೈಗಳು ಬೇರೆಯಾಗಿರಬೇಕೆಂಬ ನಿಯಮ ಗಣಕಗಳಿಗಿಂತ ಬಹಳ ಹಳೆಯದು. ವಿಚಿತ್ರವೆಂದರೆ, ಎರಡು ಕೋಷ್ಟಕಗಳನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿದರೆ ಯಾವುದರಲ್ಲಿಯೂ ದೋಷ ಕಾಣದು.

ಆದಕಾರಣ ನೌಕರರ ಮೂಲ ದಾಖಲೆಯನ್ನು ಒಂದೆಡೆ ಇಟ್ಟು, ಅದರಲ್ಲಾದ ಬದಲಾವಣೆಯನ್ನು ಉಳಿದೆಲ್ಲಕ್ಕೂ ಕಳುಹಿಸುವ ಪದ್ಧತಿ ಬಂದಿತು. ಇದಕ್ಕೆಂದೇ ರಚಿತವಾದ ‘ಸ್ಕಿಮ್’ ಎಂಬ ಶಿಷ್ಟ ವಿಧಾನದ ಎರಡನೆಯ ಆವೃತ್ತಿ 2015ರಲ್ಲಿ ಪ್ರಕಟವಾಯಿತು. ಆದರೂ ಸುದ್ದಿ ತಲುಪಲು ಕಾಲ ಬೇಕು. ಕಾಲಕ್ಕಿಂತಲೂ ಕ್ರಮ ಮುಖ್ಯ. ಕಡತಕೋಶವೊಂದರ ಅನುಮತಿಪಟ್ಟಿಯಿಂದ ಒಬ್ಬನ ಹೆಸರನ್ನು ತೆಗೆದು, ಅನಂತರ ಆ ಕೋಶದಲ್ಲಿ ಗುಟ್ಟಿನ ಪತ್ರವೊಂದನ್ನು ಇಟ್ಟೆವೆನ್ನೋಣ. ಪತ್ರ ಮೊದಲು ತಲುಪಿ, ಹೆಸರು ತೆಗೆದ ಸುದ್ದಿ ಹಿಂದೆ ಬಿದ್ದರೆ, ಆತನು ಪತ್ರವನ್ನು ಓದಿಬಿಡುತ್ತಾನೆ! ಗೂಗಲ್ ಸಂಸ್ಥೆಯ ತಜ್ಞರು ‘ಜಾಂಜಿಬಾರ್’ ಎಂಬ ತಮ್ಮ ಅನುಮತಿ ವ್ಯವಸ್ಥೆಯನ್ನು 2019ರಲ್ಲಿ ವಿವರಿಸಿದಾಗ ಇದನ್ನು ‘ಹೊಸ ಶತ್ರು’ವಿನ ಸಮಸ್ಯೆಯೆಂದು ಕರೆದರು. ಪತ್ರವನ್ನು ಉಳಿಸುವಾಗಲೇ ಅದರೊಡನೆ ಒಂದು ಕಾಲಮುದ್ರೆಯನ್ನಿಟ್ಟು, ಆ ಮುದ್ರೆಗಿಂತ ಹಳೆಯದಾದ ಪಟ್ಟಿಯನ್ನು ನೋಡಿ ತೀರ್ಪು ಕೊಡದಿರುವುದು ಅವರು ಕಂಡುಕೊಂಡ ಪರಿಹಾರ.

ಇದೆಲ್ಲ ಸರಿಹೋದರೂ ಒಂದು ಕಂಡಿ ಉಳಿಯುತ್ತದೆ. ನಮ್ಮ ಎಣಿಕೆಯಲ್ಲಿ ಇದೇ ಹೆಚ್ಚು ಸೂಕ್ಷ್ಮವಾದುದು. ನಾರ್ಮ್ ಹಾರ್ಡಿ ಎಂಬವರು 1988ರಲ್ಲಿ ಒಂದು ಪ್ರಸಂಗವನ್ನು ಬರೆದರು. ಫೋರ್ಟ್ರಾನ್ ಭಾಷೆಯನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಂದಿತ್ತು. ತನ್ನ ಬಳಕೆಯ ಅಂಕಿಅಂಶಗಳನ್ನು ಬರೆದಿಡಲೆಂದು ಅದಕ್ಕೆ ಒಂದು ಕೋಶದಲ್ಲಿ ಬರೆಯುವ ಅಧಿಕಾರ ಕೊಡಲಾಗಿತ್ತು. ಬಿಲ್ಲುಗಳ ಕಡತವೂ ಅದೇ ಕೋಶದಲ್ಲಿತ್ತು. ಬಳಕೆದಾರನೊಬ್ಬನು ತನಗೆ ಬೇಕಾದ ಫಲಿತವನ್ನು ಇಂಥ ಕಡತದಲ್ಲಿ ಬರೆಯೆಂದು, ಬಿಲ್ಲುಗಳ ಕಡತದ ಹೆಸರನ್ನೇ ಕೊಟ್ಟನು. ಅದನ್ನು ಮುಟ್ಟುವ ಹಕ್ಕು ಅವನಿಗಿರಲಿಲ್ಲ, ಕಂಪೈಲರಿಗಿತ್ತು. ಬಿಲ್ಲುಗಳು ಅಳಿಸಿಹೋದವು. ಯಾರ ಪರವಾಗಿ ಯಾವ ಅಧಿಕಾರವನ್ನು ಚಲಾಯಿಸುತ್ತಿದ್ದೇನೆಂದು ಅರಿಯದ ಇಂಥ ಮಧ್ಯವರ್ತಿಯನ್ನು ಹಾರ್ಡಿ ‘ಗೊಂದಲಗೊಂಡ ಪ್ರತಿನಿಧಿ’ ಎಂದರು.

ಎರಡು ತಂತ್ರಾಂಶಗಳನ್ನು ಬೆಸೆಯುವ ಜೋಡಣೆಯೂ ಇಂಥ ಪ್ರತಿನಿಧಿಯೇ. ಯಾರ ಕೆಲಸವೂ ನಿಲ್ಲದಿರಲೆಂದು ಅದರ ಖಾತೆಗೆ ಸಕಲ ಅಧಿಕಾರವನ್ನೂ ಕೊಟ್ಟುಬಿಡುವುದುಂಟು. ಆಗ ಪಾವತಿಯ ವಿವರವನ್ನು ನೇರವಾಗಿ ನೋಡಲಾಗದವನು ಜೋಡಣೆಯ ಮೂಲಕ ತರಿಸಿ ನೋಡಬಲ್ಲನು. ದಾಖಲೆಯಲ್ಲಿ ಮಾತ್ರ ಜೋಡಣೆಯ ಹೆಸರೇ ಬೀಳುತ್ತದೆ. ಆದುದರಿಂದ ಕೋರಿಕೆಯೊಡನೆ ಮೂಲ ಬಳಕೆದಾರನ ಗುರುತಿನ ಚೀಟಿಯೂ ಸಾಗಬೇಕು. ಇಂಥ ಚೀಟಿಗಳ ವಿನಿಮಯಕ್ಕೆ ‘ಓಆತ್’ ಶಿಷ್ಟ ವಿಧಾನದಲ್ಲಿ 2020ರ ಜನವರಿಯಲ್ಲಿ ಕ್ರಮವೊಂದನ್ನು ಗೊತ್ತುಪಡಿಸಲಾಯಿತು. ಚೀಟಿಗೆ ಆಯುಸ್ಸನ್ನು ಅಲ್ಪವಾಗಿ ಇಡತಕ್ಕದ್ದು. ಕೆಲಸ ಬಿಟ್ಟವನ ಕೈಯಲ್ಲಿ ಒಂದು ಗಂಟೆಯ ಚೀಟಿ ಉಳಿದಿದ್ದರೆ, ಪ್ರತಿಸಾರಿಯೂ ಮೂಲದಲ್ಲಿ ವಿಚಾರಿಸದ ತಂತ್ರಾಂಶವು ಆ ಗಂಟೆ ಮುಗಿಯುವವರೆಗೆ ಅವನನ್ನು ಒಳಗೆ ಬಿಡುತ್ತಲೇ ಇರುತ್ತದೆ.