ಪಂಪುಸೆಟ್ಟಿಗೆ ಸಣ್ಣ ನಿಯಂತ್ರಕವನ್ನು ಕಟ್ಟುವ ಕ್ರಮ

ರಾತ್ರಿಯ ವೇಳೆ ವಿದ್ಯುತ್ತು ಬರುವ ಗ್ರಾಮಗಳಲ್ಲಿ, ನಿದ್ರೆಗೆಟ್ಟು ಹಾವು ಚೇಳುಗಳ ಭಯದಲ್ಲಿ ತೋಟಕ್ಕೆ ಹೋಗುವ ಕಷ್ಟವನ್ನು ತಪ್ಪಿಸಿಕೊಳ್ಳಲು ಅನೇಕ ಬೇಸಾಯಗಾರರು ಆಟೋ ಸ್ಟಾರ್ಟರನ್ನು ಹಾಕಿಸಿರುತ್ತಾರಷ್ಟೆ. ಸಾಧಾರಣವಾದ ಆಟೋ ಸ್ಟಾರ್ಟರು ವಿದ್ಯುತ್ತು ಬಂದೊಡನೆ ಪಂಪನ್ನು ನಡೆಯಿಸುವುದೇ ಹೊರತು ಮತ್ತೇನನ್ನೂ ಅರಿಯದು. ನೆಲ ಹಸಿಯಾಗಿದ್ದರೂ ನೀರೆತ್ತುವುದು. ಕೊಳವೆ ಬಾವಿ ಬತ್ತಿದ್ದರೂ ಪಂಪನ್ನು ಬರಿದೆ ತಿರುಗಿಸಿ ಕೆಡಿಸುವುದು. ಆದಕಾರಣ ನೆಲದ ಹದವನ್ನೂ ನೀರಿನ ಹರಿವನ್ನೂ ನೋಡಿ ನಡೆಯುವ ನಿಯಂತ್ರಕದ ರಚನೆಯನ್ನು ಇಲ್ಲಿ ವಿವರಿಸಿದೆ.

1971ರಲ್ಲಿ ಇಂಟೆಲ್ ಕಂಪೆನಿಯ 4004 ಎಂಬ ಮೈಕ್ರೊಪ್ರೊಸೆಸರು ಮಾರಾಟಕ್ಕೆ ಬಂದಿತು. ಅದಕ್ಕೆ ಜ್ಞಾಪಕ ಮೊದಲಾದುವನ್ನು ಬೇರೆ ಚಿಪ್ಪುಗಳಿಂದ ಒದಗಿಸಬೇಕಾಗಿತ್ತು. ಈಗ ಅವೆಲ್ಲವೂ ಒಂದೇ ಚಿಪ್ಪಿನಲ್ಲಿ ಅಡಗಿರುವ ಮೈಕ್ರೊಕಂಟ್ರೋಲರುಗಳು ದೊರೆಯುತ್ತವೆ. ಆರ್ಡುಯಿನೊ ಊನೊ ಹಲಗೆಯಲ್ಲಿರುವ ಎಟಿಮೆಗಾ 328ಪಿ ಚಿಪ್ಪು ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಜೋಡಣೆ: ಬೇರಿನ ಆಳದಲ್ಲಿ ಕೆಪ್ಯಾಸಿಟಿವ್ ಜಾತಿಯ ತೇವ ಸಂವೇದಕವನ್ನು ಹೂಳತಕ್ಕದ್ದು. ಬರಿಯ ಲೋಹದ ಕಡ್ಡಿಗಳು ಬೇಗ ಸವೆಯುತ್ತವೆ. ಪೈಪಿಗೆ ಹರಿವನ್ನು ತಿಳಿಸುವ ಸ್ವಿಚ್ಚನ್ನು ಹಾಕತಕ್ಕದ್ದು. ಚಿಪ್ಪಿನ ಒಂದು ಕಾಲಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ವಿದ್ಯುತ್ತನ್ನು ಸೆಳೆಯುವುದು ಯುಕ್ತವಲ್ಲ. ರಿಲೆಗಾದರೋ ಅದಕ್ಕಿಂತ ಹೆಚ್ಚು ಬೇಕು. ಆದ್ದರಿಂದ ನಡುವೆ ಟ್ರಾನ್ಸಿಸ್ಟರನ್ನೂ, ರಿಲೆಯ ಸುರುಳಿಗೆ ಅಡ್ಡಲಾಗಿ ಡಯೋಡನ್ನೂ ಸೇರಿಸಬೇಕು. ರಿಲೆಯು ಮೋಟಾರನ್ನು ನೇರವಾಗಿ ನಡೆಯಿಸದೆ, ಸ್ಟಾರ್ಟರಿನ ಕಾಂಟ್ಯಾಕ್ಟರನ್ನು ಮಾತ್ರ ನಡೆಯಿಸಬೇಕು.

ಹದದ ಗುರುತು: ಚಿಪ್ಪು ಸಂವೇದಕದ ವೋಲ್ಟೇಜನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಸಾಮಾನ್ಯವಾಗಿ ನೆಲ ಒಣಗಿದಷ್ಟೂ ಅಂಕಿ ಏರುವುದು. ಮಣ್ಣು ಮಣ್ಣಿಗೂ ಅಂಕಿ ಬೇರೆಯಾದುದರಿಂದ ಆಯಾ ಹೊಲದಲ್ಲಿಯೇ ಅಳೆದು ಎರಡು ಮಿತಿಗಳನ್ನು ಗೊತ್ತುಮಾಡತಕ್ಕದ್ದು. ದೃಷ್ಟಾಂತಕ್ಕೆ, 480 ದಾಟಿದರೆ ಪಂಪು ನಡೆಯಲಿ, 380ಕ್ಕೆ ಇಳಿದರೆ ನಿಲ್ಲಲಿ. ಒಂದೇ ಮಿತಿಯನ್ನಿಟ್ಟರೆ ಪಂಪು ಪದೇ ಪದೇ ನಿಂತು ಹೊರಟು ಮೋಟಾರು ಕಾಯುವುದು.

ಅಪಾಯ ನಿವಾರಣೆ: ಏನು ಕೆಟ್ಟರೂ ಪಂಪು ನಿಲ್ಲಬೇಕೆಂಬುದೇ ಈ ರಚನೆಯ ಮುಖ್ಯ ಸೂತ್ರ. ಇಲಿ ತಂತಿಯನ್ನು ಕಡಿದರೆ ಚಿಪ್ಪು ಅದನ್ನು ಒಣನೆಲವೆಂದು ತಿಳಿಯಬಾರದು. ಅದಕ್ಕಾಗಿ ಚಿಪ್ಪಿನ ಬಳಿ, ಸಂವೇದಕದ ತಂತಿಗೂ ಸೊನ್ನೆ ವೋಲ್ಟಿನ ತಂತಿಗೂ ನಡುವೆ ಹೆಚ್ಚು ಓಮಿನ ರೆಸಿಸ್ಟರನ್ನು ಸೇರಿಸಿದರೆ, ತಂತಿ ಕಡಿದಾಗ ಅಂಕಿ ಸೊನ್ನೆಯತ್ತ ಇಳಿದು ಪಂಪು ನಿಲ್ಲುವುದು. ಆಗ ಕೆಂಪು ದೀಪ ಉರಿಯುವಂತೆ ಪ್ರೋಗ್ರಾಮು ಬರೆಯತಕ್ಕದ್ದು. ಮಿತಿಗಳನ್ನು ಈ ರೆಸಿಸ್ಟರ್ ಸೇರಿಸಿದ ತರುವಾಯವೇ ಅಳೆಯಬೇಕು. ಗೊತ್ತಾದ ಕಾಲದೊಳಗೆ ಹರಿವು ಕಾಣದಿದ್ದರೆ ಪಂಪು ನಿಂತು, ಮನುಷ್ಯನು ಗುಂಡಿ ಒತ್ತುವವರೆಗೆ ಪುನಃ ಹೊರಡಬಾರದು. ಪ್ರೋಗ್ರಾಮು ಸಿಕ್ಕಿಕೊಂಡರೆ ಚಿಪ್ಪನ್ನು ಹೊಸದಾಗಿ ಆರಂಭಿಸುವ ವಾಚ್‌ಡಾಗ್ ಚಿಪ್ಪಿನಲ್ಲಿಯೇ ಇದೆ, ಅದನ್ನು ಉಪಯೋಗಿಸತಕ್ಕದ್ದು. ಒಂದು ಫೇಸು ತಪ್ಪಿದರೆ ಮೋಟಾರು ಸುಡುವುದರಿಂದ, ಮೊದಲಿದ್ದ ಫೇಸ್ ಪ್ರಿವೆಂಟರನ್ನೂ ಓವರ್‌ಲೋಡ್ ರಿಲೆಯನ್ನೂ ಎಷ್ಟು ಮಾತ್ರಕ್ಕೂ ತೆಗೆಯಕೂಡದು.

ಪರೀಕ್ಷೆ: ಮೊದಲು ಮನೆಯಲ್ಲಿ ರಿಲೆಗೆ ಬ್ಯಾಟರಿಯ ಸಣ್ಣ ದೀಪವನ್ನು ಜೋಡಿಸಿ, ತಂತಿಯನ್ನು ಬಿಚ್ಚಿಯೂ ಹರಿವಿನ ಸ್ವಿಚ್ಚನ್ನು ತಡೆದೂ ನೋಡತಕ್ಕದ್ದು. ಪ್ರತಿಸಲವೂ ದೀಪ ಆರಿದರೆ ಮಾತ್ರ ನಿಯಂತ್ರಕವನ್ನು, ಇರುವೆ ಹಲ್ಲಿಗಳು ನುಗ್ಗದ ಪೆಟ್ಟಿಗೆಯಲ್ಲಿಟ್ಟು ತೋಟಕ್ಕೆ ಒಯ್ಯಬಹುದು. ಮೂರು ಫೇಸಿನ 415 ವೋಲ್ಟು ಪ್ರಾಣಾಂತಕವಾದುದರಿಂದ ಸ್ಟಾರ್ಟರಿನ ಜೋಡಣೆಯನ್ನು ಲೈಸೆನ್ಸು ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸತಕ್ಕದ್ದು. ಗ್ರಾಮದ ಮುಖಂಡರು ಮೊದಲು ಒಂದು ತೋಟದಲ್ಲಿ ಇದನ್ನು ನಡೆಯಿಸಿ, ಒಂದು ಬೆಳೆಯ ಕಾಲ ಪಂಪು ನಡೆದ ಗಂಟೆಗಳನ್ನು ಬರೆದಿಟ್ಟು ನೆರೆಯವರಿಗೆ ತೋರಿಸಿದರೆ, ಇದರ ಪ್ರಯೋಜನವು ಎಲ್ಲರಿಗೂ ಮನದಟ್ಟಾಗುವುದು.